ಮೂತ್ರದ ತೊಂದರೆಗೆ ಪ್ರಶ್ನೆಯೇ ಮೊದಲ ಪರೀಕ್ಷೆ

ಮೂತ್ರದ ತೊಂದರೆಯನ್ನು ಹೇಳಿಕೊಳ್ಳಲು ನಮ್ಮ ಜನರಿಗೆ ಬಹಳ ಸಂಕೋಚ. ಮಾರ್ಕೋನಹಳ್ಳಿಯ ಸುತ್ತಿನ ಊರುಗಳಿಂದ ಬರುವ ತಾಯಂದಿರು ಮಂಡಿನೋವಿನ ಮಾತೆತ್ತಿ, ಹೊರಡುವಾಗ ಬಾಗಿಲ ಬಳಿ ನಿಂತು, ಕೆಮ್ಮಿದರೆ ಸೀರೆ ಒದ್ದೆಯಾಗುತ್ತದೆಂದು ಮೆಲ್ಲನೆ ತಿಳಿಸುತ್ತಾರೆ. ಅವರಲ್ಲಿ ಕೆಲವರು ಎಡೆಯೂರಿನ ಜಾತ್ರೆಗೆ ಬಸ್ಸಿನಲ್ಲಿ ಹೋಗುವುದನ್ನೇ ಬಿಟ್ಟಿರುತ್ತಾರೆ. ಗಂಡಸರಾದರೋ ರಾತ್ರಿ ನಾಲ್ಕು ಬಾರಿ ಏಳುವುದನ್ನು ವಯೋಧರ್ಮವೆಂದು ತಳ್ಳಿಹಾಕುತ್ತಾರೆ.

ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಪರೀಕ್ಷೆಗಳನ್ನು ಆಯುರ್ವೇದವು ಹೇಳುತ್ತದೆ. ಮೂತ್ರದ ವಿಷಯದಲ್ಲಿ ಮೂರನೆಯದೇ ಹೆಚ್ಚು ದಾರಿ ತೋರುತ್ತದೆ. ಸುಶ್ರುತಾಚಾರ್ಯರು ಮೂತ್ರಾಘಾತದ 12 ಬಗೆಗಳನ್ನು ಲಕ್ಷಣಗಳಿಂದಲೇ ಗುರುತಿಸಿದ್ದಾರೆ. ಆಧುನಿಕ ವೈದ್ಯವು ಅಂತಹ ಲಕ್ಷಣಗಳಿಗೆ ಅಂಕ ಕೊಡುವ ಕ್ರಮವನ್ನು ತಂದಿದೆ.

1992ರಲ್ಲಿ ಅಮೆರಿಕದ ಮೂತ್ರರೋಗ ತಜ್ಞರ ಸಂಘವು ಪ್ರಕಟಿಸಿದ ಪ್ರಶ್ನಾವಳಿಯಲ್ಲಿ 7 ಪ್ರಶ್ನೆಗಳಿವೆ. ಕಳೆದ ಒಂದು ತಿಂಗಳಲ್ಲಿ ಮೂತ್ರ ಪೂರ್ತಿ ಹೋಗಲಿಲ್ಲವೆನಿಸಿತೇ, ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾಯಿತೇ, ನಿಂತು ನಿಂತು ಬಂದಿತೇ, ತಡೆದುಕೊಳ್ಳುವುದು ಕಷ್ಟವಾಯಿತೇ, ಧಾರೆ ಕ್ಷೀಣವಾಗಿತ್ತೇ, ತಿಣುಕಬೇಕಾಯಿತೇ, ರಾತ್ರಿ ಎಷ್ಟು ಬಾರಿ ಎದ್ದಿರಿ? ಪ್ರತಿಯೊಂದಕ್ಕೂ 0ಯಿಂದ 5 ಅಂಕ, ಒಟ್ಟು 35. ಮೊತ್ತ 7ರವರೆಗಿದ್ದರೆ ಸೌಮ್ಯ, 8ರಿಂದ 19 ಮಧ್ಯಮ, 20 ಮತ್ತು ಮೇಲ್ಪಟ್ಟರೆ ತೀವ್ರ. ಇದಕ್ಕೆ ಸೇರಿಸಿದ ಎಂಟನೆಯ ಪ್ರಶ್ನೆಯೊಂದಿದೆ: ಇನ್ನುಳಿದ ಆಯುಷ್ಯವನ್ನು ಹೀಗೆಯೇ ಕಳೆಯಬೇಕಾದರೆ ನಿಮಗೆ ಏನೆನಿಸುತ್ತದೆ? ನಮ್ಮ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. 12 ಅಂಕ ಪಡೆದ ಇಬ್ಬರಲ್ಲಿ ಒಬ್ಬರು ನಿಶ್ಚಿಂತರಾಗಿದ್ದರೆ ಇನ್ನೊಬ್ಬರಿಗೆ ನಿದ್ರೆಯೇ ಇರುವುದಿಲ್ಲ.

ಆದರೆ ಈ ಪ್ರಶ್ನಾವಳಿ ಪುರುಷರನ್ನು ಮನಸ್ಸಿನಲ್ಲಿಟ್ಟು ರಚಿತವಾದದ್ದು. ಮೂತ್ರ ಸೋರುವ ಬಗ್ಗೆ ಅದು ಕೇಳುವುದೇ ಇಲ್ಲ. ಸೋರಿಕೆಗೆಂದೇ ಬೇರೊಂದು ಚಿಕ್ಕ ಪ್ರಶ್ನಾವಳಿಯಿದೆ. ಎಷ್ಟು ಬಾರಿ, ಎಷ್ಟು ಪ್ರಮಾಣ, ದಿನಚರಿಗೆ ಎಷ್ಟು ಅಡ್ಡಿ ಎಂಬ ಮೂರಕ್ಕೆ ಒಟ್ಟು 21 ಅಂಕ. ಯಾವಾಗ ಸೋರುತ್ತದೆ ಎಂಬ ನಾಲ್ಕನೆಯದಕ್ಕೆ ಅಂಕವಿಲ್ಲ. ಆದರೂ ಚಿಕಿತ್ಸೆಯ ದಾರಿ ಕವಲೊಡೆಯುವುದು ಅಲ್ಲಿಯೇ. ಕೆಮ್ಮಿದಾಗ, ಕೊಡ ಎತ್ತಿದಾಗ ಸೋರಿದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕು. ಬಚ್ಚಲು ಮುಟ್ಟುವ ಮೊದಲೇ ಆಗಿಬಿಟ್ಟರೆ ಮೂತ್ರಕೋಶಕ್ಕೆ ಕ್ರಮೇಣ ತಾಳ್ಮೆ ಕಲಿಸಬೇಕು. ಇಬ್ಬರಿಗೂ ಒಂದೇ ನೆಗ್ಗಿಲು ಕಷಾಯ ಕೊಟ್ಟು ಕಳುಹಿಸುವುದನ್ನು ನಾವು ಒಪ್ಪುವುದಿಲ್ಲ.

ಅಂಕವು ಕಷ್ಟದ ಅಳತೆಯೇ ಹೊರತು ರೋಗದ ಹೆಸರಲ್ಲ. ಮಾರ್ಕೋನಹಳ್ಳಿ ಜಲಾಶಯ ತುಂಬಿದಾಗ ಶಿಂಷೆಯ ನೀರು ಸೈಫನ್ನುಗಳಲ್ಲಿ ತಾನಾಗಿಯೇ ಹೊರಬೀಳುವುದನ್ನು ತಾವೆಲ್ಲ ಕಂಡಿದ್ದೀರಿ. ಪ್ರಾಸ್ಟೇಟ್ ಗ್ರಂಥಿ ಬೆಳೆದು ದಾರಿ ಕಟ್ಟಿದ ಪುರುಷರಲ್ಲಿಯೂ ಮೂತ್ರಕೋಶ ತುಂಬಿ ಹನಿಹನಿಯಾಗಿ ಸೋರುವುದುಂಟು. ಅಲ್ಲಿ ಸೋರಿಕೆ ನಿಲ್ಲಿಸಲು ಹೊರಟರೆ ಮೂತ್ರ ಪೂರ್ತಿ ಕಟ್ಟಿಕೊಂಡೀತು. ಆದ್ದರಿಂದ ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆಯೆಂದು ಸ್ಕ್ಯಾನ್ ಮಾಡಿಸಬೇಕು. ಮಧುಮೇಹವೂ ಪದೇ ಪದೇ ಎಬ್ಬಿಸುತ್ತದೆ. ರಕ್ತದ ಸಕ್ಕರೆ ಮತ್ತು ಮೂತ್ರದ ಪರೀಕ್ಷೆ ಆಗಲಿ. ಮೂತ್ರದಲ್ಲಿ ರಕ್ತ, ಚಳಿಜ್ವರದೊಡನೆ ಸೊಂಟದ ಮೇಲ್ಭಾಗದ ನೋವು, ಮೂತ್ರ ಸಂಪೂರ್ಣ ಕಟ್ಟಿಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಅಂಕ ಕೂಡಿಸುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ವೈದ್ಯರಲ್ಲಿಗೆ ಹೋಗುವ ಮುನ್ನ ಮೂರು ದಿನ, ಕುಡಿದ ನೀರು, ಕಾಫಿ, ಮೂತ್ರ ಮಾಡಿದ ಹೊತ್ತು ಮತ್ತು ಅಳತೆಯನ್ನು ಒಂದು ಹಾಳೆಯಲ್ಲಿ ಬರೆದಿಡಿ. ಓದು ಬಾರದ ಹಿರಿಯರಿಗೆ ಮನೆಯವರು ಪ್ರಶ್ನೆಗಳನ್ನು ಓದಿ ಹೇಳಲಿ, ಉತ್ತರವನ್ನು ಮಾತ್ರ ತಾವೇ ಊಹಿಸಿ ತುಂಬಬಾರದು.