ಮೈಲುತುತ್ತದ ಕೋಲ್ಮನ್, ಆನೆ ಹಿಂದಿನ ಹುಡುಗರು

ಮೂಡಿಗೆರೆ ಸೀಮೆಯ ಜಾವಳಿಯಲ್ಲಿ ಹೇಮಾವತಿ ಹುಟ್ಟುವ ಜಾಗ ನೋಡಿದವರು, ಗೊರೂರಿನ ಅಣೆಕಟ್ಟೆ ತುಂಬುವುದು ಇದೇ ನೀರೇ ಎಂದು ಒಮ್ಮೆ ಕೇಳದೆ ಇರುವುದಿಲ್ಲ. ಈ ಕಡೆಯ ಸಾಧಕರ ವಿಷಯವೂ ಹಾಗೆಯೇ, ಮೂಲ ಕಣ್ಣಿಗೆ ಬೀಳುವುದಿಲ್ಲ. ನವೆಂಬರ್‌ನ ರಾಜ್ಯೋತ್ಸವ ಬಂದರೆ ಸನ್ಮಾನದ ಪಟ್ಟಿ ತಯಾರಾಗುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಬರುತ್ತವೆ. ತೋಟ ಎಷ್ಟು ಎಕರೆ ಎಂಬುದೂ ಕೆಲವೊಮ್ಮೆ ಸಾಧನೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ನನ್ನ ಲೆಕ್ಕ ಬೇರೆ. ಊರಿನವರು ದಿನಬೆಳಗಾದರೆ ಮಾಡುವ ಕೆಲಸದೊಳಗೆ ಯಾರ ಬುದ್ಧಿ ಸೇರಿಹೋಗಿದೆಯೋ ಅವರೇ ಬದಲಾವಣೆ ತಂದವರು. ಹಾಗೆ ಹುಡುಕಿದರೆ ಮೊದಲು ಸಿಗುವವನು ಕೆನಡಾದ ಲೆಸ್ಲಿ ಕೋಲ್ಮನ್.

1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೋಲ್ಮನ್ ಶಿಲೀಂಧ್ರ ಮತ್ತು ಕೀಟಗಳ ತಜ್ಞ. ಆಗ ಮಲೆನಾಡಿನ ಅಡಕೆ ಬೆಳೆಗಾರರ ದೊಡ್ಡ ಹೆದರಿಕೆ ಕೊಳೆರೋಗ. ಆಷಾಢದ ಮಳೆ ಹಿಡಿದರೆ ಎಳೆಯ ಕಾಯಿ ಕೊಳೆತು ಉದುರುತ್ತಿತ್ತು, ಕಣ್ಣೆದುರೇ ವರ್ಷದ ಗಳಿಕೆ ಮರದ ಬುಡದಲ್ಲಿ ಬಿದ್ದಿರುತ್ತಿತ್ತು. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಪ್ಪಿಸುವುದು ಆಗಿನವರಿಗೆ ಗೊತ್ತಿದ್ದ ಉಪಾಯ. ಮರಮರವನ್ನೂ ಹತ್ತಿ ಕಟ್ಟಬೇಕು. ಆಳು ಇದ್ದವರಿಗಷ್ಟೇ ಅದು ಸಾಧ್ಯ. ಕೋಲ್ಮನ್ ರೋಗದ ಮೂಲವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿದ್ದ ಬೋರ್ಡೋ ದ್ರಾವಣವನ್ನು ಇಲ್ಲಿನ ಅಡಕೆಗೆ ಹೊಡೆಸಿದ.

ಇವತ್ತು ಕಳಸದ ಯಾವ ತೋಟಕ್ಕೆ ಹೋದರೂ ಮಳೆಗಾಲದ ಆರಂಭದಲ್ಲಿ ಅದೇ ಕೆಲಸ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ತಿರುಗುಮುರುಗಾದರೆ ಮದ್ದು ಕೆಡುತ್ತದೆ. ಆಮೇಲೆ ಹೊಳೆಯುವ ಕತ್ತಿಯನ್ನೊಮ್ಮೆ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದೇ ಅರ್ಥ. ಈ ಕತ್ತಿ ಪರೀಕ್ಷೆಗೆ ಓದು ಬರಹ ಬೇಕಿಲ್ಲ, ಹಾಗಾಗಿಯೇ ಅದು ನಿಂತಿದೆ. ಮದ್ದು ಹೊಡೆಯುವ ಕೊನೆಗಾರನನ್ನು ಕೋಲ್ಮನ್ ಯಾರೆಂದು ಕೇಳಿ ನೋಡಿ, ಗೊತ್ತಿರುವುದಿಲ್ಲ. ಗೊತ್ತಿಲ್ಲದಿರುವುದೇ ಆ ಮನುಷ್ಯನ ದೊಡ್ಡ ಗೆಲುವು ಎಂದು ನನಗನ್ನಿಸುತ್ತದೆ.

ಕಾಫಿಗೂ ಅವನ ಋಣವಿದೆ. ಎಲೆಯ ತುಕ್ಕುರೋಗ ಅರೇಬಿಕಾ ತೋಟಗಳನ್ನು ಬೋಳು ಮಾಡುತ್ತಿದ್ದ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಿನ ಬಳಿ ಮೈಸೂರು ಸರ್ಕಾರದ ಕಾಫಿ ಪ್ರಯೋಗ ಕೇಂದ್ರ ಅವನ ಮುತುವರ್ಜಿಯಿಂದ ಶುರುವಾಯಿತು. ಅಲ್ಲಿ ಕೆಂಟ್ಸ್ ತಳಿಯ ಜೊತೆ ಇನ್ನೊಂದು ಆಯ್ಕೆಯನ್ನು ಸೇರಿಸಿ ಹುಟ್ಟಿಸಿದ ಎಸ್. 795 ಗಿಡ 1940ರ ದಶಕದಲ್ಲಿ ಬೆಳೆಗಾರರ ಕೈಸೇರಿತು. ಬಾಬಾಬುಡನ್ ತಂದ ಏಳು ಬೀಜದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಈ ಗಿಡಕ್ಕೆ ಮಾತ್ರ ಕತೆಯೂ ಇಲ್ಲ, ಹಾಡೂ ಇಲ್ಲ, ಬರೀ ನಂಬರು.

ಇನ್ನು ಲೇಖಕ ಪೂರ್ಣಚಂದ್ರ ತೇಜಸ್ವಿ. ಕುವೆಂಪು ಅವರ ಮಗ, ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದವರು, ಮೇಷ್ಟ್ರಾಗಿ ಆರಾಮವಾಗಿ ಇರಬಹುದಿತ್ತು. ಮೂಡಿಗೆರೆಗೆ ಬಂದು ತೋಟ ಮಾಡಿದರು, 2007ರ ಏಪ್ರಿಲ್ 5ರಂದು ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು. 1966ರಲ್ಲಿ ರಾಜೇಶ್ವರಿಯವರನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ಮದುವೆಯಾದರು. ಸಾಲ ಮಾಡಿ ಛತ್ರ ಹಿಡಿಯದ ಮದುವೆಯೂ ಮದುವೆಯೇ ಎಂದು ಎಷ್ಟೋ ಮನೆಗಳಿಗೆ ಧೈರ್ಯ ಕೊಟ್ಟ ಪದ್ಧತಿ ಅದು. ಪುಸ್ತಕಗಳ ಮಾತು ಬೇರೆ. ‘ಕರ್ವಾಲೊ’ ಕಾದಂಬರಿಯಲ್ಲಿ ದೊಡ್ಡ ವಿಜ್ಞಾನಿಯ ಪಕ್ಕಕ್ಕೆ ಜೇನು ಹಿಡಿಯುವ ಮಂದಣ್ಣ ಸರಿಸಮನಾಗಿ ನಿಲ್ಲುತ್ತಾನೆ. ಕಾಡು ತಿಳಿದವನಿಗೆ ಸರ್ಟಿಫಿಕೇಟು ಕೇಳಬೇಡಿ ಎಂಬ ಮಾತು ಮೂಡಿಗೆರೆಯ ಓದುಗನಿಗೆ ಹತ್ತಿದಷ್ಟು ಬೇರೆಯವರಿಗೆ ಹತ್ತಿತೋ ಇಲ್ಲವೋ. ಹಕ್ಕಿಗೆ ಕಲ್ಲು ಹೊಡೆಯುತ್ತಿದ್ದ ಹುಡುಗರು ಅದರ ಹೆಸರು ಕೇಳತೊಡಗಿದ್ದು ಅವರನ್ನು ಓದಿದ ಮೇಲೆ. ಕೊಟ್ಟಿಗೆಹಾರದ ತೇಜಸ್ವಿ ಪ್ರತಿಷ್ಠಾನಕ್ಕೆ ಬರುವವರಲ್ಲಿ ಫೋಟೋ ತೆಗೆಸಿಕೊಂಡು ನೀರುದೋಸೆ ತಿಂದು ಹೋಗುವವರೂ ಇದ್ದಾರೆ, ಇರಲಿ.

ಕಾಫಿ ತೋಟದ ಕತೆಯಲ್ಲಿ ಆಳುಗಳ ಲೈನ್ ಮನೆಯವರ ಮಾತು ಬರುವುದು ಕಮ್ಮಿ. ದಲಿತ ಕುಟುಂಬದಲ್ಲಿ ಹುಟ್ಟಿದ ಮೋಟಮ್ಮ 1978ರಲ್ಲಿ ಮೂಡಿಗೆರೆಯಿಂದ ವಿಧಾನಸಭೆಗೆ ಗೆದ್ದರು. ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದಾಗ, 2000ರಲ್ಲಿ, ಸ್ತ್ರೀಶಕ್ತಿ ಯೋಜನೆ ಶುರುವಾಯಿತು. ವಾರಕ್ಕೊಮ್ಮೆ ಅಂಗನವಾಡಿ ಜಗಲಿಯಲ್ಲಿ ಕೂತು ಉಳಿತಾಯದ ದುಡ್ಡು ಎಣಿಸಿ ಪುಸ್ತಕಕ್ಕೆ ಬರೆಯುವ ಹೆಂಗಸರು ರಾಜ್ಯದ ತುಂಬ ಕಾಣಿಸಿದ್ದು ಆಮೇಲೆ. ಸಂಬಳದ ದಿನ ತೋಟದ ಲೆಕ್ಕ ಬರೆಯುವ ರೈಟರ ಮುಂದೆ ಕೈಕಟ್ಟಿ ನಿಂತು ಮುಂಗಡ ಕೇಳುತ್ತಿದ್ದವರಿಗೆ ತಮ್ಮದೇ ಸಂಘದ ಸಾಲ ಎಂದರೆ ಏನು ಎಂಬುದನ್ನು ತೋಟದ ಬದುಕು ಕಂಡವರಷ್ಟೇ ಬಲ್ಲರು.

ಎಲ್ಲ ಬದಲಾವಣೆಯೂ ಎಲ್ಲರಿಗೂ ಸಿಹಿಯಲ್ಲ. ಕುದುರೆಮುಖದ ಗಣಿಯ ವಿರುದ್ಧ ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಭದ್ರೆಗೆ ಇಳಿಯುತ್ತಿದ್ದ ಅದಿರಿನ ಹೂಳಿಗೆ ತಡೆ ಬಿತ್ತು. ಅದೇ ಏಟಿಗೆ ಒಂದಿಡೀ ಟೌನ್‌ಶಿಪ್ಪಿನ ಬದುಕೂ ಖಾಲಿಯಾಯಿತು. ನದಿಯ ಪರ ನಿಂತವರು ಸರಿ ಎಂದೇ ನಾನು ಹೇಳುವುದು. ಆದರೆ ಕೆಲಸ ಹೋದವನ ಮನೆಯಲ್ಲಿ ಕೂತು ಅದನ್ನು ಹೇಳುವುದು ಕಷ್ಟ.

ಈಗಿನವರ ಮಾತಿಗೆ ಬಂದರೆ ನನಗೆ ನೆನಪಾಗುವುದು ಆನೆ ಕಾರ್ಯಪಡೆಯ ಹುಡುಗರು. ತೋಟಕ್ಕಿಳಿದ ಕಾಡಾನೆಗಳು ಆಳುಗಳ ಪ್ರಾಣ ತೆಗೆಯುತ್ತಿದ್ದಾಗ, 2022ರ ಕೊನೆಯಲ್ಲಿ ಸರ್ಕಾರ ಈ ಪಡೆ ಕಟ್ಟಿತು. ರಾತ್ರಿ ಆನೆಯ ಜಾಡು ಹಿಡಿದು, ಹಿಂಡು ಯಾವ ಊರ ಕಡೆ ಇದೆ ಎಂದು ಮೊಬೈಲಿಗೆ ಸಂದೇಶ ಹಾಕುವುದು ಅವರ ಕೆಲಸ. ಸಂದೇಶ ನೋಡಿದ ಮೇಲೆಯೇ ಕಾಫಿ ಹಣ್ಣು ಕೊಯ್ಯಲು ಆಳುಗಳನ್ನು ಕಳಿಸುವ ತೋಟಗಳಿವೆ. 2023ರ ನವೆಂಬರಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲೇ ಕಾರ್ಯಪಡೆಯ ಒಬ್ಬ ಯುವಕ ಆನೆ ದಾಳಿಗೆ ಪ್ರಾಣ ಕೊಟ್ಟ. ಅದಾದ ಮೇಲೂ ಹುಡುಗರು ಕೆಲಸ ಬಿಟ್ಟಿಲ್ಲ. ಆನೆ ಗದ್ದೆ ತುಳಿದರೆ, ಬಾಳೆ ಮುರಿದರೆ ಊರವರ ಬೈಗುಳ ಮೊದಲು ಬೀಳುವುದೂ ಅವರ ಮೇಲೆಯೇ, ಸ್ಥಳಕ್ಕೆ ಮೊದಲು ಬರುವವರು ಅವರಾದ್ದರಿಂದ.