ಗಾಳಿಯಲ್ಲೊಂದು ಕಚೇರಿ

ಅಮೆರಿಕದ ಯೆಹೂದಿ ಲೇಖಕ ಬರ್ನಾರ್ಡ್ ಮಲಾಮುಡ್ ಬರೆದ 'ದಿ ಮ್ಯಾಜಿಕ್ ಬ್ಯಾರೆಲ್' ಎಂಬ ಕಥೆಯನ್ನು ನಾನು ಪ್ರತಿವರ್ಷವೂ ಪಾಠ ಹೇಳುತ್ತೇನೆ. 1954ರಲ್ಲಿ ಪ್ರಕಟವಾದ ಕಥೆ ಅದು. ಧರ್ಮಗುರುವಾಗಲು ನ್ಯೂಯಾರ್ಕಿನಲ್ಲಿ ವ್ಯಾಸಂಗ ಮಾಡುತ್ತಿರುವ ಲಿಯೋ ಎಂಬ ತರುಣ, ತನಗೊಂದು ಹೆಣ್ಣು ನೋಡಿಕೊಡಲು ಸಾಲ್ಜ್‌ಮನ್ ಎಂಬಾತನನ್ನು ಕರೆಸುತ್ತಾನೆ. ಸಂಬಂಧ ಕುದುರಿಸುವುದೇ ಆತನ ಕಸುಬು. ಅಂಥವರನ್ನು ಯೆಹೂದಿಗಳು 'ಶಾದ್ಖನ್' ಎನ್ನುವರು. ತನ್ನಲ್ಲಿರುವ ಕನ್ಯೆಯರ ವಿವರದ ಚೀಟಿಗಳು ಮೇಜಿನ ಖಾನೆಗಳಲ್ಲಿ ಹಿಡಿಸದೆ ಪೀಪಾಯಿಯಲ್ಲಿ ತುಂಬಿಟ್ಟಿರುವುದಾಗಿ ಆತ ಕೊಚ್ಚಿಕೊಳ್ಳುತ್ತಾನೆ. ಲಿಯೋ ಅವನ ಮನೆಗೆ ಹೋಗಿ ನೋಡಿದರೆ ಪೀಪಾಯಿಯ ಸುಳಿವೇ ಇಲ್ಲ. ಕಚೇರಿಯೆಲ್ಲಿ ಎಂದು ಕೇಳಿದರೆ, ಗಾಳಿಯಲ್ಲಿದೆ ಎಂದು ಹೆಂಡತಿ ಮೇಲಕ್ಕೆ ಕೈ ತೋರುತ್ತಾಳೆ.

ಆಕೆಯ ಮಾತು ಈಗ ಅಕ್ಷರಶಃ ನಿಜವಾಗಿದೆ. ಅವಿವಾಹಿತ ಯೆಹೂದಿಗಳಿಗೆಂದೇ 1997ರಲ್ಲಿ ಲಾಸ್ ಏಂಜಲೀಸಿನಲ್ಲಿ 'ಜೆ-ಡೇಟ್' ಎಂಬ ಅಂತರಜಾಲ ತಾಣ ಹುಟ್ಟಿತು. ಅಲ್ಲಿ ವಯಸ್ಸು, ವೃತ್ತಿಗಳ ಜೊತೆಗೆ ತಾನು ಸಂಪ್ರದಾಯಸ್ಥನೋ ಸುಧಾರಣಾವಾದಿಯೋ, ಪ್ರಾರ್ಥನಾಮಂದಿರಕ್ಕೆ ಎಷ್ಟು ಸಲ ಹೋಗುವವನು, ಆಹಾರದಲ್ಲಿ 'ಕೋಶರ್' ನಿಯಮ ಪಾಲಿಸುವವನೋ ಅಲ್ಲವೋ ಎಂಬುದನ್ನೂ ತಿಳಿಸಬೇಕು. 'ಸಾ ಯೂ ಅಟ್ ಸಿನಾಯ್' ಎಂಬುದು ಇನ್ನೊಂದು ತಾಣ. ನಿನ್ನನ್ನು ಸಿನಾಯ್‌ನಲ್ಲಿ ಕಂಡಿದ್ದೆ ಎಂದು ಅದರ ಅರ್ಥ. ಹುಟ್ಟಲಿರುವ ಯೆಹೂದಿ ಆತ್ಮಗಳೆಲ್ಲವೂ ಸಿನಾಯ್ ಬೆಟ್ಟದ ಬುಡದಲ್ಲಿ ನೆರೆದಿದ್ದವೆಂಬ ನಂಬಿಕೆಯಿಂದ ಬಂದ ಹೆಸರದು. ಅಲ್ಲಿ ಸದಸ್ಯರು ತಾವೇ ಹುಡುಕುವಂತಿಲ್ಲ; ಶಾದ್ಖನ್‌ಗಳೇ ಆರಿಸಿಕೊಡಬೇಕು. ಹಳೆಯ ಸಾಲ್ಜ್‌ಮನ್ ಯಂತ್ರದೊಳಗೆ ಹೊಕ್ಕು ಕುಳಿತಂತಾಯಿತು!

ಈ ಸಂಗತಿ ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು ಕೇಳಿದಳು: "ಸ್ವತಂತ್ರ ದೇಶದಲ್ಲಿದ್ದೂ ತಮ್ಮವರಲ್ಲೇ ಏಕೆ ಹುಡುಕಬೇಕು ಸಾರ್? ಇದು ಸಂಕುಚಿತವಲ್ಲವೆ?"

ನಾನು ಕೂಡಲೇ ಉತ್ತರಿಸಲಾರದೆ ಹೋದೆ. ನಾಜಿಗಳು ಕೊಂದ ಯೆಹೂದಿಗಳು ಸುಮಾರು 60 ಲಕ್ಷ. ಇಂದು ಜಗತ್ತಿನಲ್ಲೆಲ್ಲ ಸೇರಿ ಅವರು ಒಂದೂವರೆ ಕೋಟಿಗಿಂತ ತುಸು ಹೆಚ್ಚು. ಪ್ಯೂ ಸಂಸ್ಥೆಯ 2020ರ ಸಮೀಕ್ಷೆಯಂತೆ, 2010ರಿಂದೀಚೆಗೆ ಮದುವೆಯಾದ ಅಮೆರಿಕದ ಯೆಹೂದಿಗಳಲ್ಲಿ 100ಕ್ಕೆ 61 ಮಂದಿ ಅನ್ಯಧರ್ಮೀಯರನ್ನು ವರಿಸಿದ್ದಾರೆ. ಹಗೆಯಿಂದ ಅಳಿಯದ ಕುಲ ಒಲವಿನಿಂದ ಕರಗೀತೆಂಬ ಹಿರಿಯರ ಅಳಲನ್ನು ಸಂಕುಚಿತವೆಂದು ತಳ್ಳಿಬಿಡುವುದು ಸುಲಭವಲ್ಲ. ಆದರೆ ಸತ್ತವರ ಲೆಕ್ಕವನ್ನೆಲ್ಲ ಎಳೆಯ ಜೋಡಿಯೊಂದರ ಹೆಗಲಿಗೆ ಹೊರಿಸುವುದೂ ನ್ಯಾಯವಲ್ಲ. ಜೆ-ಡೇಟ್‌ಗೆ ಯೆಹೂದಿಗಳಲ್ಲದವರೂ ಸೇರುತ್ತಾರೆ. ಮತಾಂತರಕ್ಕೆ ಸಿದ್ಧರೆ ಎಂಬುದಕ್ಕೆ ಉತ್ತರ ಗುರುತಿಸಲು ಅಲ್ಲಿ ಅವಕಾಶ ಉಂಟು. ಬೇಲಿ ಹಾಕಿದವರೇ ಅದರಲ್ಲೊಂದು ಬಾಗಿಲನ್ನೂ ಬಿಟ್ಟಿದ್ದಾರೆ.

ಯೆಹೂದಿಗಳ ಪ್ರಾಚೀನ ಕಥೆಯೊಂದು ನನಗೆ ನೆನಪಾಯಿತು. ಸೃಷ್ಟಿಯನ್ನು ಮುಗಿಸಿದ ಮೇಲೆ ದೇವರು ಏನು ಮಾಡುತ್ತಿದ್ದಾನೆಂದು ರೋಮಿನ ಕುಲೀನ ಸ್ತ್ರೀಯೊಬ್ಬಳು ಧರ್ಮಗುರು ಯೋಸೆಯನ್ನು ಕೇಳಿದಳಂತೆ. ಗಂಡುಹೆಣ್ಣುಗಳನ್ನು ಜೋಡಿಸುತ್ತಿದ್ದಾನೆ ಎಂದನಾತ. ಅದೇನು ಮಹಾ ಎಂದು ಆಕೆ ತನ್ನ ಸಾವಿರ ದಾಸರನ್ನೂ ಸಾವಿರ ದಾಸಿಯರನ್ನೂ ಎದುರುಬದುರು ನಿಲ್ಲಿಸಿ ಒಂದೇ ರಾತ್ರಿಯಲ್ಲಿ ಮದುವೆ ಮಾಡಿಸಿದಳು. ಬೆಳಗಾಗುವಷ್ಟರಲ್ಲಿ ಒಬ್ಬನ ತಲೆ ಒಡೆದಿತ್ತು, ಇನ್ನೊಬ್ಬನ ಕಣ್ಣು ಹೋಗಿತ್ತು, ಮತ್ತೊಬ್ಬನ ಕಾಲು ಮುರಿದಿತ್ತು! ಕೆಂಗಡಲನ್ನು ಸೀಳಿದಷ್ಟೇ ಕಷ್ಟದ ಕೆಲಸವಿದೆಂದು ಅವರ ಹಿರಿಯರು ಹೇಳುತ್ತಾರೆ.

ಕೊನೆಗೆ ನಾನು ವಿದ್ಯಾರ್ಥಿಗಳಿಗೆ ಲಿಯೋನ ಪಾಡನ್ನೇ ನೆನಪಿಸಿದೆ. ಸಾಲ್ಜ್‌ಮನ್ ತೋರಿಸಿದ ಯಾವ ಕನ್ಯೆಯೂ ಅವನಿಗೆ ಹಿಡಿಸಲಿಲ್ಲ. ಅವನು ಮನಸೋತದ್ದು ಲಕೋಟೆಯೊಳಗೆ ಅಕಸ್ಮಾತ್ತಾಗಿ ಸೇರಿಕೊಂಡಿದ್ದ ಒಂದು ಅಗ್ಗದ ಭಾವಚಿತ್ರಕ್ಕೆ. ಅದು, ತನ್ನ ಪಾಲಿಗೆ ಸತ್ತಳೆಂದು ಆ ಮುದುಕ ಬಗೆದಿದ್ದ ಅವನ ಸ್ವಂತ ಮಗಳ ಚಿತ್ರ.

ಪ್ರಶ್ನೆ ಕೇಳಿದ ಹುಡುಗಿ ಮತ್ತೆ ಮಾತನಾಡಲಿಲ್ಲ. ಗಂಟೆ ಹೊಡೆದ ಮೇಲೂ ಪುಸ್ತಕ ತೆರೆದಿಟ್ಟುಕೊಂಡೇ ಕುಳಿತಿದ್ದಳು.