ಬೆಂಗಳೂರಿನ ದಾರಿ ಧ್ರುವದ ಮೇಲೆ ಏಕೆ?

2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಪೈಲಟ್‌ಗಳು ನಾಲ್ವರೂ ಮಹಿಳೆಯರೇ. ಉತ್ತರ ಧ್ರುವದ ಮೇಲೆ ಹಾದು ಬಂದ ಆ ವಿಮಾನ ಎಲ್ಲಿಯೂ ನಿಲ್ಲದೆ, 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಎರಡು ಊರುಗಳ ನಡುವೆ ಅಂಥ ಮೊದಲ ನೇರ ಹಾರಾಟ ಅದು.

ಬೆಂಗಳೂರಿಗೆ ಬರಲು ಧ್ರುವಕ್ಕೇಕೆ ಹೋಗಬೇಕು? ದಿಕ್ಸೂಚಿಯ ಒಂದೇ ದಿಕ್ಕನ್ನು ಬಿಡದೆ ಪೆಸಿಫಿಕ್ ದಾಟಿದರೆ ಈ ದೂರ ಸುಮಾರು 16,100 ಕಿ.ಮೀ. ಆಗುತ್ತದೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿ. ಅದು ತಾನಾಗಿ ಉತ್ತರಕ್ಕೆ ಜಾರಿ, ಅಲಾಸ್ಕ ದಾಟಿ, ಸೈಬೀರಿಯದ ಈಶಾನ್ಯ ಕರಾವಳಿಯ ಬಳಿ 71 ಡಿಗ್ರಿ ಅಕ್ಷಾಂಶದವರೆಗೂ ಏರುತ್ತದೆ. ಅದೇ ಅತಿ ಹತ್ತಿರದ ದಾರಿ, ಸುಮಾರು 14,000 ಕಿ.ಮೀ. ಭೂಮಿ ಗುಂಡಗಿರುವುದರಿಂದ ಉಳಿಯುವ ದೂರ ಎರಡು ಸಾವಿರ ಕಿ.ಮೀ.ಗೂ ಹೆಚ್ಚು!

ಆದರೂ ಆ ದಾರ ಧ್ರುವವನ್ನು ಮುಟ್ಟುವುದಿಲ್ಲ. ಧ್ರುವದ ನೆತ್ತಿಯ ಮೇಲೇ ಹಾದರೆ 400 ಕಿ.ಮೀ.ಯಷ್ಟು ಸುತ್ತು ಬೀಳುತ್ತದೆ. ಆ ಸುತ್ತನ್ನು ಲಾಭದಾಯಕವಾಗಿಸುವುದು ಗಾಳಿ.

ವಿಮಾನಗಳು ಹಾರುವ 9ರಿಂದ 12 ಕಿ.ಮೀ. ಎತ್ತರದಲ್ಲಿ, ಮಧ್ಯ ಅಕ್ಷಾಂಶಗಳ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಗಳು ಹರಿಯುತ್ತವೆ. ಇವೇ ಜೆಟ್ ಸ್ಟ್ರೀಮ್‌ಗಳು. ಉಷ್ಣವಲಯದ ಬಿಸಿ ಗಾಳಿಗೂ ಧ್ರುವದ ತಣ್ಣನೆಯ ಗಾಳಿಗೂ ಇರುವ ತಾಪದ ಅಂತರ ಮತ್ತು ಭೂಮಿಯ ತಿರುಗುವಿಕೆ ಸೇರಿ ಇವನ್ನು ಹುಟ್ಟಿಸುತ್ತವೆ. ಆ ಅಂತರ ಚಳಿಗಾಲದಲ್ಲಿ ಹೆಚ್ಚುವುದರಿಂದ ರಭಸವೂ ಹೆಚ್ಚು. ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ಮೀರುತ್ತದೆ. 1920ರ ದಶಕದಲ್ಲೇ ಜಪಾನಿನ ವಾಸಾಬುರೊ ಓಇಶಿ ಬಲೂನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದ್ದರಿಂದ ಹೊರಗಿನವರು ಅದನ್ನು ಹೆಚ್ಚು ಗಮನಿಸಲಿಲ್ಲ. ಅಷ್ಟು ದೊಡ್ಡ ಶೋಧಕ್ಕೆ ಹಾಗಾಗಬಾರದಿತ್ತು.

ಲೆಕ್ಕ ಹಾಕೋಣ. ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೆ 14,000 ಕಿ.ಮೀ. ಕ್ರಮಿಸಲು ಹದಿನೈದೂವರೆ ಗಂಟೆ ಸಾಕು. ದಾರಿಯುದ್ದಕ್ಕೂ 100 ಕಿ.ಮೀ. ವೇಗದ ಎದುರುಗಾಳಿ ಇದ್ದರೆ ಹದಿನೇಳೂವರೆ ಗಂಟೆ ಬೇಕು. ಅಷ್ಟೇ ಗಾಳಿ ಹಿಂದಿನಿಂದ ನೂಕಿದರೆ 14 ಗಂಟೆ. ಎದುರುಗಾಳಿಯಿಂದ ಎರಡು ಗಂಟೆ ನಷ್ಟ. 400 ಕಿ.ಮೀ. ಸುತ್ತಿಗಾದರೋ ಅರ್ಧ ಗಂಟೆಯೂ ಬೇಡ. ಹಾಗಾಗಿ ಪ್ರತಿ ಹಾರಾಟಕ್ಕೂ ಮುನ್ನ ಆ ದಿನದ ಗಾಳಿ ನೋಡಿ ದಾರಿ ನಿರ್ಧರಿಸುತ್ತಾರೆ. ಇಲ್ಲಿಂದ ಹೋಗುವಾಗ ಪೆಸಿಫಿಕ್ ಮೇಲಿನ ಗಾಳಿಯನ್ನು ಬೆನ್ನಿಗೆ ಹಾಕಿಕೊಳ್ಳಬಹುದು, ಬರುವಾಗ ಅದನ್ನು ತಪ್ಪಿಸಿಕೊಳ್ಳಬೇಕು.

ಭೂಮಿ ಪೂರ್ವಕ್ಕೆ ತಿರುಗುತ್ತಿದೆಯಲ್ಲ, ಪಶ್ಚಿಮಕ್ಕೆ ಹೊರಟರೆ ಊರೇ ನಮ್ಮತ್ತ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲ. ವಾತಾವರಣವೂ ಭೂಮಿಯ ಜೊತೆಗೇ ತಿರುಗುತ್ತದೆ, ಅದರೊಳಗಿನ ವಿಮಾನವೂ ಅಷ್ಟೇ.

ಅಮೆರಿಕದ ಪಶ್ಚಿಮ ತೀರದಿಂದ ಬರುವ ನಿಮ್ಮವರ ಟಿಕೆಟ್ ನೋಡಿ ಎರಡು ದಿನದ ಪ್ರಯಾಣವೆಂದು ಗಾಬರಿಯಾಗಬೇಡಿ. ಟಿಕೆಟ್ಟಿನಲ್ಲಿ ಇರುವುದು ಆಯಾ ಊರಿನ ಗಡಿಯಾರದ ಸಮಯ. ಎರಡರ ವ್ಯತ್ಯಾಸದಲ್ಲಿ ಚಳಿಗಾಲವಾದರೆ ಹದಿಮೂರೂವರೆ ಗಂಟೆ, ಬೇಸಿಗೆಯಾದರೆ ಹನ್ನೆರಡೂವರೆ ಗಂಟೆ ಕಳೆಯಿರಿ; ಉಳಿದದ್ದೇ ನಿಜವಾದ ಪ್ರಯಾಣ.